ರೌಡಿ ಶೀಟ್ ಇದ್ದರೂ ಎಲೆಕ್ಷನ್‌ಗೆ ನಿಲ್ಲಬಹುದಾ?

ನಿಮ್ಮ ವಾರ್ಡಿನಲ್ಲಿ ರೌಡಿ ಶೀಟರ್ ಒಬ್ಬ ಎಲೆಕ್ಷನ್‌ಗೆ ಓಡಾಡುತ್ತಿದ್ದಾನೆ, ಇದು ಹೇಗೆ ಸಾಧ್ಯ ಅಂತ ಕೇಳಿದ್ದೀರಿ. ರೌಡಿ ಶೀಟ್ ಅಂದರೆ ನಿಗಾ ಇಡೋಕೆ ಪೊಲೀಸ್ ಸ್ಟೇಷನ್‌ನಲ್ಲಿ ತೆರೆದ ಕಡತ ಅಷ್ಟೇ, ಶಿಕ್ಷೆ ಅಲ್ಲ. 1985ರ ಗೂಂಡಾ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಒಳಗಿಡಬಹುದು, ಅದೂ ಮುಂಜಾಗ್ರತೆಗೆ. ಎಂಎಲ್‌ಎ, ಎಂಪಿ ಆಗೋರಿಗೂ ಸಾಮಾನ್ಯವಾಗಿ ಅಡ್ಡ ಬರೋದು ಕೋರ್ಟು ಎರಡು ವರ್ಷವೋ ಜಾಸ್ತಿಯೋ ಜೈಲು ವಿಧಿಸಿದಾಗ. ನಮ್ಮಲ್ಲಿ ಕೇಸು ಎಷ್ಟು ಬೇಗ ಮುಗಿಯುತ್ತೆ, ಗೊತ್ತಲ್ವಾ!

ಪಕ್ಷಗಳಿಗೆ ಇವರು ಯಾಕೆ ಬೇಕು? ನನ್ನ ಪ್ರಕಾರ ಬೆಂಗಳೂರಲ್ಲಿ ಎಲ್ಲಾ ಸೈಟಿನ ಮಹಿಮೆ. ಒಂದೇ ರೆವಿನ್ಯೂ ಸೈಟಿಗೆ (ಅನುಮೋದನೆ ಇಲ್ಲದೆ ಕೃಷಿ ಜಮೀನಲ್ಲಿ ಮಾಡಿದ ಸೈಟು) ಇಬ್ಬರು ಮಾಲೀಕರು, ಇಬ್ಬರ ಹತ್ತಿರವೂ ಪತ್ರ. ಸಿವಿಲ್ ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಅಲೆದಾಟ. ಅದಕ್ಕೇ 'ಸೆಟ್ಲ್‌ಮೆಂಟ್'ಗೆ ಏರಿಯಾದ ರೌಡಿ 'ಅಣ್ಣ'ನ ಹತ್ತಿರ ಹೋಗುತ್ತಾರೆ. ರಾತ್ರೋರಾತ್ರಿ ಕಾಂಪೌಂಡ್ ಏಳುತ್ತೆ, ಗೇಟಿಗೆ ಹೊಸ ಬೀಗ ಬೀಳುತ್ತೆ. ಅಲ್ಲಿ ಬಂದ ದುಡ್ಡು, ಅಲ್ಲಿ ನಿಂತ ಹುಡುಗರು, ಎರಡೂ ಪ್ರಚಾರಕ್ಕೆ ಒದಗುತ್ತವೆ.