‘ಕವಲುದಾರಿ’ಯ ಹೀರೋ ಯಾರು, ಮುತ್ತಣ್ಣನಾ ಶ್ಯಾಮಾ? ಪಾತ್ರಗಳಿಗಾಗಿ ನೋಡಬಹುದಾದ ಕನ್ನಡ ಥ್ರಿಲ್ಲರ್‌ಗಳು ಯಾವುವು?

ನೀವು ಕೇಳಿರುವುದು ಇಷ್ಟು: ರೂಮಿನಲ್ಲಿ ಗೆಳೆಯರೆಲ್ಲ ಸೇರಿ ‘ಕವಲುದಾರಿ’ ನೋಡಿದಿರಿ. ಅನಂತ್ ನಾಗ್ ಅವರ ಮುತ್ತಣ್ಣನೇ ಹೀರೋ ಅಂತ ಅವರೆಲ್ಲರ ವಾದ. ನಿಮಗೆ ರಿಷಿ ಮಾಡಿದ ಶ್ಯಾಮ್ ಇಷ್ಟ. ಯಾರ ಮಾತು ಸರಿ? ಟ್ವಿಸ್ಟ್‌ಗಿಂತ ಪಾತ್ರ ಗಟ್ಟಿಯಾಗಿರುವ ಬೇರೆ ಸಿನಿಮಾ ಯಾವುದಿದೆ?

ನಾನು ನಿಮ್ಮ ಪಕ್ಷ. ಕೊಲೆಗಾರ ಯಾರು ಅಂತ ಯಾವ ಸಿನಿಮಾದ್ದೂ ಹೇಳಲ್ಲ, ಧೈರ್ಯವಾಗಿ ಓದಿ.

ನಿಮ್ಮ ಗೆಳೆಯರ ಮಾತು ಎಲ್ಲಿಂದ ಬಂತು ಅಂತ ಗೊತ್ತಾಗುತ್ತೆ. ಅನಂತ್ ನಾಗ್ ತೆರೆ ಮೇಲೆ ಬಂದರೆ ಪಕ್ಕದಲ್ಲಿ ಯಾರಿದ್ದರೂ ನಮ್ಮ ಕಣ್ಣು ಅವರನ್ನೇ ಹಿಂಬಾಲಿಸುತ್ತೆ. ಮುತ್ತಣ್ಣ ರಿಟೈರ್ ಆದ ಪೊಲೀಸ್. ಕುಡಿತಕ್ಕೆ ಬಿದ್ದವನು. ತುರ್ತು ಪರಿಸ್ಥಿತಿ ಕಾಲದ ಒಂದು ಕೇಸು ಅವನ ಕೈಯಲ್ಲಿ ಮುಗಿಯದೇ ಉಳಿದಿದೆ. ಅವನು ಒಂದು ಮಾತು ಆಡುವ ಮುಂಚೆ ತಗೊಳ್ಳುವ ಆ ಸಣ್ಣ ಗ್ಯಾಪ್ ಇದೆಯಲ್ಲ, ಅದಕ್ಕೇ ಟಿಕೆಟ್ ದುಡ್ಡು ವಸೂಲಿ. ನಟನೆಗೆ ಮಾರ್ಕ್ಸ್ ಕೊಡೋದಾದರೆ ನಿಮ್ಮ ಗೆಳೆಯರು ಗೆದ್ದರು, ಚರ್ಚೆ ಮುಗೀತು.

ಆದರೆ ನೀವು ಕೇಳಿದ್ದು ಪಾತ್ರದ ಬಗ್ಗೆ. ಹಳೇ ಗಾಯ, ಬಾಟಲಿ, ಮುಗಿಯದ ಕೇಸು ಇರುವ ಮುದಿ ಪೊಲೀಸನನ್ನು ನಾವು ಹತ್ತಾರು ಭಾಷೆಗಳ ಸಿನಿಮಾದಲ್ಲಿ ನೋಡಿದ್ದೇವೆ. ಶ್ಯಾಮ್‌ನಂಥವನನ್ನು ನೋಡಿರಲಿಲ್ಲ. ಅವನು ಟ್ರಾಫಿಕ್ ಎಸ್‌ಐ. ಬಿಳಿ ಶರ್ಟು, ಖಾಕಿ ಪ್ಯಾಂಟು, ದಿನವಿಡೀ ಹೊಗೆ, ಹಾರ್ನು. ಆಸೆ ಮಾತ್ರ ಕ್ರೈಂ ವಿಭಾಗದ ಮೇಲೆ.

ಇದರ ಮಜಾ ಬೆಂಗಳೂರಿನವರಿಗೆ ಸ್ವಲ್ಪ ಜಾಸ್ತಿ ಸಿಗುತ್ತೆ. ಇಲ್ಲಿ ಟ್ರಾಫಿಕ್ ಸ್ಟೇಷನ್ ಬೇರೆ, ಲಾ ಅಂಡ್ ಆರ್ಡರ್ ಸ್ಟೇಷನ್ ಬೇರೆ. ಟ್ರಾಫಿಕ್‌ನವರು ಅಂದರೆ ಬರೀ ಹೆಲ್ಮೆಟ್ ಫೈನ್ ಹಾಕುವವರು ಅಂತ ನಾವು ಅಂದುಕೊಂಡಿರ್ತೀವಿ. ಅಪಘಾತ ಆದರೆ ಕೇಸು ದಾಖಲಿಸಿ ತನಿಖೆ ಮಾಡುವವರು ಅವರೇ. ಸ್ಪಾಟ್ ಮಹಜರು, ಸಾಕ್ಷಿಗಳ ಹೇಳಿಕೆ, ಚಾರ್ಜ್‌ಶೀಟ್, ಕೋರ್ಟು ಎಲ್ಲ ಅವರಿಗೆ ಗೊತ್ತು. ಅಂದರೆ ಶ್ಯಾಮ್ ತನಿಖೆ ಬಾರದ ಅಮಾಯಕ ಅಲ್ಲ. ಕೆಲಸ ಬರುತ್ತೆ, ಆದರೆ ಕೊಲೆ ಕೇಸು ಅವನ ಟೇಬಲ್‌ಗೆ ಬರಲ್ಲ. ಇಂಥವನ ಕಣ್ಣೆದುರು ಮೆಟ್ರೋ ಕಾಮಗಾರಿಗೆ ನೆಲ ಅಗೆಯುವಾಗ ಮೂವರ ಮೂಳೆ ಸಿಗುತ್ತವೆ.

ಈಗ ಅವನಿಂದ ಏನೇನು ಆಗಲ್ಲ ಅಂತ ಯೋಚಿಸಿ. ಹಳೇ ಫೈಲು ಕೊಡಿ ಅಂತ ಹಕ್ಕಿನಿಂದ ಕೇಳೋಕೆ ಆಗಲ್ಲ. ಸಾಕ್ಷಿಯನ್ನು ಸ್ಟೇಷನ್ನಿಗೆ ಕರೆಸೋಕೆ ಆಗಲ್ಲ. ಲ್ಯಾಬ್ ರಿಪೋರ್ಟ್ ಅವನ ಹೆಸರಿಗೆ ಬರಲ್ಲ. ಮೇಲಿನವರಿಗೆ ಗೊತ್ತಾದರೆ ಬೈಗುಳ ಗ್ಯಾರಂಟಿ. ಹಾಗಾಗಿ ಒಂದೊಂದು ಮಾಹಿತಿಗೂ ಅವನು ಯಾರದೋ ಬಾಗಿಲು ತಟ್ಟಬೇಕು, ಯಾರನ್ನೋ ಓಲೈಸಬೇಕು. ಅಚ್ಯುತ್ ಕುಮಾರ್ ಮಾಡಿದ ಪತ್ರಕರ್ತ ಕಥೆಯೊಳಗೆ ಬರೋದೂ ಮುತ್ತಣ್ಣ ಬರೋದೂ ಇದೇ ದಾರಿಯಲ್ಲಿ. ಶ್ಯಾಮ್ ಕೈಯಲ್ಲಿ ಅಧಿಕಾರ ಇದ್ದಿದ್ದರೆ ಮುತ್ತಣ್ಣನ ಮನೆಗೆ ಹೋಗುವ ಅಗತ್ಯವೇ ಇರಲಿಲ್ಲ. ಒಂದು ಪತ್ರ ಬರೆದು, ರೆಕಾರ್ಡ್ ರೂಮಿನಿಂದ ಕಡತ ತರಿಸಿಕೊಳ್ಳುತ್ತಿದ್ದ. ಸಿನಿಮಾ ಅರ್ಧ ಗಂಟೆಗೆ ಮುಗಿಯುತ್ತಿತ್ತು. ನಿಮ್ಮ ಗೆಳೆಯರಿಗೆ ಇದನ್ನೇ ಹೇಳಿ: ಮುತ್ತಣ್ಣ ತೆರೆ ಮೇಲೆ ಬರೋದೇ ಶ್ಯಾಮ್ ಟ್ರಾಫಿಕ್‌ನಲ್ಲಿ ಇರೋದರಿಂದ.

ಇನ್ನೊಂದು ವಿಷಯ. ಪತ್ತೆ ಆಗದ ಕೇಸಿಗೆ ನಮ್ಮ ಪೊಲೀಸರು ‘ಸಿ’ ರಿಪೋರ್ಟ್ ಹಾಕಿ ಕೈ ತೊಳೆದುಕೊಳ್ಳಬಹುದು. ಹಳೇ ಮೂಳೆ, ದೂರು ಕೊಡುವವರಿಲ್ಲ, ಫೈಲು ಮುಚ್ಚಿದರೆ ಕೇಳುವವರೂ ಇಲ್ಲ. ಇದರಲ್ಲಿ ತಲೆ ಹಾಕು ಅಂತ ಶ್ಯಾಮ್‌ಗೆ ಯಾರೂ ಹೇಳಿಲ್ಲ. ಅವನ ಮನೆಯವರು ಯಾರೂ ಸತ್ತಿಲ್ಲ, ಸೇಡು ಇಲ್ಲ, ಬಹುಮಾನವೂ ಇಲ್ಲ. ಸುಮ್ನೆ ಬಿಡೋಕೆ ಆಗ್ತಿಲ್ಲ, ಅಷ್ಟೇ. ಇಷ್ಟು ಸಣ್ಣ ಕಾರಣದ ಮೇಲೆ ಇಡೀ ಥ್ರಿಲ್ಲರ್ ನಿಲ್ಲಿಸಲು ಧೈರ್ಯ ಬೇಕು. ನಿರ್ದೇಶಕ ಹೇಮಂತ್ ರಾವ್ ಅವರಿಗೆ ಅದಿತ್ತು. ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆ 2019ರಲ್ಲಿ ತನ್ನ ಮೊದಲ ಸಿನಿಮಾ ಆಗಿ ಇದನ್ನೇ ಆರಿಸಿಕೊಂಡಿತು ಅನ್ನೋದು ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ.

ಹಾಗಾಗಿ ಥ್ರಿಲ್ಲರ್ ನೋಡುವಾಗ ನಾನು ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಈ ಮನುಷ್ಯನಿಗೆ ಏನು ಮಾಡೋಕೆ ಅಧಿಕಾರ ಇಲ್ಲ? ಉತ್ತರ ಉದ್ದ ಇದ್ದಷ್ಟೂ ಸಿನಿಮಾ ಚೆನ್ನಾಗಿರುತ್ತೆ. ಬೆಂಗಳೂರಿನಲ್ಲಿ ನಡೆಯುವ ಒಳ್ಳೆಯ ಥ್ರಿಲ್ಲರ್‌ಗಳಲ್ಲಿ ಇದು ಮತ್ತೆ ಮತ್ತೆ ಕಾಣುತ್ತೆ.

ಪವನ್ ಕುಮಾರ್ ಅವರ ‘ಯು-ಟರ್ನ್’ (2016) ತಗೊಳ್ಳಿ. ಶ್ರದ್ಧಾ ಶ್ರೀನಾಥ್ ಮಾಡಿದ ರಚನಾ ಪತ್ರಿಕೆಯೊಂದರಲ್ಲಿ ಇಂಟರ್ನ್. ವರದಿಗಾರ್ತಿ ಕೂಡ ಅಲ್ಲ. ಡಬಲ್ ರೋಡ್ ಫ್ಲೈಓವರ್ ಮೇಲೆ ಜನ ಡಿವೈಡರ್ ಕಲ್ಲು ಸರಿಸಿ ಯು-ಟರ್ನ್ ಹೊಡೀತಾರೆ. ಅವಳು ಅಲ್ಲೇ ಇರುವ ಒಬ್ಬ ಬಡಪಾಯಿಗೆ ದುಡ್ಡು ಕೊಟ್ಟು ಆ ಗಾಡಿಗಳ ನಂಬರ್ ಬರೆಸಿಕೊಳ್ತಾಳೆ. ನಂಬರ್‌ನಿಂದ ವಿಳಾಸ ಹುಡುಕಿ, ಒಬ್ಬನನ್ನು ಮಾತನಾಡಿಸೋಕೆ ಮನೆಗೆ ಹೋಗ್ತಾಳೆ. ಅವನು ಸಾಯ್ತಾನೆ, ಪೊಲೀಸರು ಇವಳ ಬಾಗಿಲಿಗೆ ಬರ್ತಾರೆ. ಕಲ್ಲು ಸರಿಸುವುದು ಕಟ್ಟುಕಥೆ ಅಲ್ಲ. ಆ ಫ್ಲೈಓವರ್‌ನಲ್ಲಿ ನಿಜವಾಗಿ ನಡೆಯುತ್ತಿತ್ತು, ಕಥೆ ಹುಟ್ಟಿದ್ದೇ ಅದನ್ನು ನೋಡಿ. ಶಾಂತಿನಗರದ ಕಡೆ ಓಡಾಡಿದವರಿಗೆ ಆ ಸೇತುವೆ ಮೇಲೆ ಹೋಗುವಾಗ ಈ ಸಿನಿಮಾ ನೆನಪಾಗದೇ ಇರೋದು ಕಷ್ಟ.

ನಮ್ಮ ಗುಂಪಿನಲ್ಲಿ ಅತಿ ಜೋರು ಜಗಳ ಆಗಿದ್ದು ರಚನಾ ಬಗ್ಗೆಯೇ. ಒಬ್ಬ ಗೆಳೆಯ, ವೃತ್ತಿಯಲ್ಲಿ ವಕೀಲ, ಅವಳು ಮಾಡಿದ್ದೇ ತಪ್ಪು ಅಂತ ಪಟ್ಟು ಹಿಡಿದ. ಗಾಡಿ ನಂಬರ್ ಹಿಡಿದು ಅಪರಿಚಿತರ ಮನೆಗೆ ಹೋಗೋಕೆ ಇವಳು ಯಾರು? ನಾಳೆ ನಿಮ್ಮನೆಗೆ ಹೀಗೆ ಯಾರಾದರೂ ಬಂದರೆ ಸುಮ್ಮನಿರ್ತೀರಾ? ಅವನ ಮಾತಿನಲ್ಲಿ ಸತ್ಯ ಇದೆ. ಈಗ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಮಾಲೀಕರ ಹೆಸರು ಪೂರ್ತಿ ತೋರಿಸಲ್ಲ, ನಡುವಿನ ಅಕ್ಷರಗಳ ಜಾಗದಲ್ಲಿ ನಕ್ಷತ್ರ ಹಾಕಿರ್ತಾರೆ. ಅವಳಿಗೆ ವಿಳಾಸ ಸಿಕ್ಕಿದ್ದು ಒಳಗಿನವರ ಪರಿಚಯದಿಂದ. ಆದರೆ ನನಗೆ ಆ ಪಾತ್ರ ಇಷ್ಟ ಆಗೋದೇ ಇದಕ್ಕೆ. ಒಳ್ಳೆ ಕೆಲಸ ಮಾಡ್ತಿದ್ದೀನಿ ಅನ್ನುವ ಹುಮ್ಮಸ್ಸಿನಲ್ಲಿ ಅವಳು ಒಂದು ಗೆರೆ ದಾಟಿದ್ದಾಳೆ. ಆ ಗೆರೆ ಅವಳಿಗೆ ಕಾಣ್ತಿಲ್ಲ. ನಮಗೂ ಮೊದಲ ಅರ್ಧ ಗಂಟೆ ಕಾಣಲ್ಲ. ಕಲ್ಲು ಸರಿಸಿದವರದ್ದು ಸಣ್ಣ ತಪ್ಪು, ಇವಳದ್ದೂ ಸಣ್ಣ ತಪ್ಪು. ಎರಡನ್ನೂ ಪಕ್ಕಪಕ್ಕ ಇಟ್ಟು ಸಿನಿಮಾ ಸುಮ್ಮನಿರುತ್ತೆ, ಭಾಷಣ ಮಾಡಲ್ಲ.

ದೂರು ಒಂದಿದೆ. ದ್ವಿತೀಯಾರ್ಧದ ತಿರುವು ಬಂದ ಮೇಲೆ ರಚನಾಳಿಗೆ ಕೆಲಸ ಕಡಿಮೆ ಆಗುತ್ತೆ. ಕಥೆ ಅವಳ ಕೈಬಿಟ್ಟು ಇನ್ನೊಬ್ಬರ ಹಿಂದೆ ಹೋಗುತ್ತೆ. ರೋಜರ್ ನಾರಾಯಣ್ ಮಾಡಿದ ಎಸ್‌ಐ ನಾಯಕ್ ಅವಳ ಮಾತು ನಂಬುವ ತನಕ ಇದ್ದ ಬಿಗಿ ಆಮೇಲೆ ಇಲ್ಲ. ಫಿಲಿಪ್ಪೀನ್ಸ್‌ನಲ್ಲೂ ಇದು ರೀಮೇಕ್ ಆಗಿದೆ, ಅಷ್ಟು ದೂರ ಹೋದ ಕಥೆ. ಆದರೂ ನನ್ನ ಮಟ್ಟಿಗೆ ಮೊದಲರ್ಧವೇ ಸಿನಿಮಾ.

ಇದಕ್ಕೂ ಹಿಂದಿನದು ಬೇಕಾದರೆ ಶಂಕರ್ ನಾಗ್ ಅವರ ‘ಆಕ್ಸಿಡೆಂಟ್’ (1985). ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ಕಾರು ಹರಿಯುತ್ತೆ. ಕಾರಿನಲ್ಲಿದ್ದವನು ದೊಡ್ಡ ರಾಜಕಾರಣಿಯ ಮಗ. ಬೆನ್ನು ಹತ್ತುವವನು ಒಬ್ಬ ಪತ್ರಕರ್ತ, ಅಂದರೆ ಮತ್ತೆ ಅಧಿಕಾರ ಇಲ್ಲದವನು. ನಿಮ್ಮ ಗೆಳೆಯರಿಗೆ ಇದನ್ನು ಕಡ್ಡಾಯವಾಗಿ ತೋರಿಸಿ. ಏಕೆಂದರೆ ಇದರಲ್ಲಿ ಆ ರಾಜಕಾರಣಿ ಧರ್ಮಾಧಿಕಾರಿ ಆಗಿರುವುದು ಅನಂತ್ ನಾಗ್. ಒಂದು ಸಿನಿಮಾದಲ್ಲಿ ಕೇಸನ್ನು ಮುಚ್ಚಿಸುವ ಮನುಷ್ಯ, ಇನ್ನೊಂದರಲ್ಲಿ ಮುಚ್ಚಿದ ಕೇಸಿನ ಕೆಳಗೆ ಸಿಕ್ಕಿಕೊಂಡ ಮನುಷ್ಯ. ಎರಡರ ನಡುವೆ ಮೂವತ್ತಕ್ಕೂ ಹೆಚ್ಚು ವರ್ಷ. ಒಂದರ ಹಿಂದೆ ಒಂದು ನೋಡಿದರೆ ಮುತ್ತಣ್ಣನ ಬಗ್ಗೆ ನನಗೂ ಮೃದು ಭಾವನೆ ಬರುತ್ತೆ, ಒಪ್ಪಿಕೊಳ್ತೀನಿ.

ಮನೆಯವರ ಜೊತೆ ನೋಡೋದಾದರೆ ‘ದೃಶ್ಯ’ (2014). ಮಲಯಾಳಂನಿಂದ ಬಂದ ಕಥೆ, ಎಲ್ಲರಿಗೂ ಗೊತ್ತು. ರವಿಚಂದ್ರನ್ ಅವರ ರಾಜೇಂದ್ರ ಪೊನ್ನಪ್ಪ ಕೇಬಲ್ ಟಿವಿ ನಡೆಸುವವನು. ಎದುರಿಗಿರುವುದು ಕಾಣೆಯಾದ ಮಗನನ್ನು ಹುಡುಕುತ್ತಿರುವ ಪೊಲೀಸ್ ಇಲಾಖೆಯ ಐಜಿ, ಅವಳ ಕೈಕೆಳಗೆ ಇಡೀ ವ್ಯವಸ್ಥೆ. ಇವನ ಹತ್ತಿರ ಇರುವುದು ಸಿನಿಮಾ ನೋಡಿ ನೋಡಿ ಬಂದ ಬುದ್ಧಿ ಮಾತ್ರ. ಈ ಲೆಕ್ಕದಲ್ಲಿ ನಾವು ಯಾರ ಕಡೆ ನಿಲ್ಲಬೇಕು ಅನ್ನೋದು ಮೊದಲೇ ತೀರ್ಮಾನ ಆಗಿಬಿಡುತ್ತೆ. ನಮ್ಮ ಮನೆಯಲ್ಲಿ ನೋಡಿದಾಗ ನಮ್ಮ ಭಾವನವರು ಪೂರ್ತಿ ಪೊನ್ನಪ್ಪನ ಕಡೆ. ಅಮ್ಮ ಮಾತ್ರ, ‘ಅವಳೂ ತಾಯಿ ಅಲ್ವೇನೋ, ಮಗ ಎಲ್ಲಿದ್ದಾನೆ ಅಂತ ಗೊತ್ತಾಗೋದು ಬೇಡ್ವಾ’ ಅಂದುಬಿಟ್ಟರು. ಭಾವನ ಬಾಯಿ ಬಂದ್. ಆಶಾ ಶರತ್ ಮಾಡಿದ ಆ ಐಜಿ ಪಾತ್ರವನ್ನು ನಾನು ಆಮೇಲೆ ಬೇರೆ ಥರ ನೋಡತೊಡಗಿದೆ. ಎಲ್ಲ ಅಧಿಕಾರ ಇದ್ದೂ ತನಗೆ ಬೇಕಾದ ಒಂದೇ ಒಂದು ಉತ್ತರ ಅವಳಿಗೆ ಸಿಗಲ್ಲ.

ಹಾಗಂತ ಅಧಿಕಾರ ಇರುವ ಪತ್ತೇದಾರ ಇದ್ದರೆ ಸಿನಿಮಾ ಕೆಡುತ್ತೆ ಅಂತೇನಿಲ್ಲ. ‘ಶಿವಾಜಿ ಸುರತ್ಕಲ್’ (2020) ನನಗೆ ಇಷ್ಟ, ರಮೇಶ್ ಅರವಿಂದ್ ಅದರಲ್ಲಿ ಚೆನ್ನಾಗಿದ್ದಾರೆ. ಆದರೆ ಅಂಥ ಪಾತ್ರಕ್ಕೆ ಹೊರಗಿನಿಂದ ಅಡ್ಡಿ ಇರಲ್ಲ, ಹಾಗಾಗಿ ಅಡ್ಡಿಯನ್ನು ಅವನ ತಲೆಯೊಳಗೇ ಇಡಬೇಕಾಗುತ್ತೆ. ಅಲ್ಲಿ ಅವನ ಹೆಂಡತಿಯ ನೆನಪು ಆ ಕೆಲಸ ಮಾಡುತ್ತೆ. ಕೆಲವು ಕಡೆ ಒಗ್ಗಿದೆ, ಕೆಲವು ಕಡೆ ಎಳೆದಂತಿದೆ. ಸುನಿಲ್ ಕುಮಾರ್ ದೇಸಾಯಿ ಅವರ ‘ನಿಷ್ಕರ್ಷ’ ಇದಕ್ಕೆ ಬೇರೆ ದಾರಿ ಹಿಡಿಯುತ್ತೆ. ವಿಷ್ಣುವರ್ಧನ್ ಕಮಾಂಡೋ, ಅಧಿಕಾರಕ್ಕೇನೂ ಕೊರತೆ ಇಲ್ಲ. ಆದರೆ ಕಥೆ ನಡೆಯುವುದು ಒಂದೇ ಕಟ್ಟಡದಲ್ಲಿ, ಒಳಗೆ ಒತ್ತೆಯಾಳುಗಳು. ಅಲ್ಲಿ ಕಟ್ಟಡವೇ ಅಡ್ಡಿ. ಹಾಡು ಒಂದೂ ಇಲ್ಲ. ಶೂಟಿಂಗ್ ಆಗಿದ್ದು ಡಿಕನ್‌ಸನ್ ರಸ್ತೆಯ ಮಣಿಪಾಲ್ ಸೆಂಟರ್‌ನಲ್ಲಿ. ಆ ಕಡೆ ಹೋದಾಗ ತಲೆ ಎತ್ತಿ ನೋಡಿ, ತೊಂಬತ್ತರ ದಶಕದಲ್ಲಿ ಅಷ್ಟು ಚಿಕ್ಕ ಜಾಗದಲ್ಲಿ ಇಡೀ ಸಿನಿಮಾ ಹೇಗೆ ತೆಗೆದರು ಅಂತ ಆಶ್ಚರ್ಯ ಆಗುತ್ತೆ.

ಇತ್ತೀಚಿನದ್ದು ಕೇಳಿದರೆ ಒಂದೇ ಹೆಸರು: ‘ಶಾಖಾಹಾರಿ’ (2024). ಬೆಂಗಳೂರಿನದ್ದಲ್ಲ, ಮಲೆನಾಡಿನ ಕಥೆ. ರಂಗಾಯಣ ರಘು ಸುಬ್ಬಣ್ಣ ಅನ್ನುವ ಸಸ್ಯಾಹಾರಿ ಹೋಟೆಲಿನ ಅಡುಗೆಯವನು. ಅವನಿರುವಲ್ಲಿಗೆ ಗಾಯಗೊಂಡ ಒಬ್ಬ ಬಂದು ಸೇರಿಕೊಳ್ತಾನೆ. ಅಲ್ಲಿಂದ ಮುಂದೆ ಈ ಸಾಧು ಮನುಷ್ಯ ಏನೇನು ಮಾಡಬೇಕಾಗುತ್ತೆ ಅನ್ನೋದು ಸಿನಿಮಾ. ರಂಗಾಯಣ ರಘು ಅಂದರೆ ಜೋರು ಮಾತು, ಕಾಮಿಡಿ ಅಂತ ತಲೆಯಲ್ಲಿ ಇದ್ದರೆ ಅದನ್ನು ಹೊರಗಿಟ್ಟು ಕೂತುಕೊಳ್ಳಿ. ಇಲ್ಲಿ ಅವರು ಮಾತಾಡೋದೇ ಕಡಿಮೆ, ಕೈ ಕೆಲಸ ಮಾಡ್ತಿರುತ್ತೆ. ಗೋಪಾಲಕೃಷ್ಣ ದೇಶಪಾಂಡೆ ಅವರ ಪೊಲೀಸ್ ಪಾತ್ರವೂ ಅಷ್ಟೇ ಹದವಾಗಿದೆ. ಥಿಯೇಟರ್‌ನಲ್ಲಿ ಇಂಥ ಸಿನಿಮಾಗಳಿಗೆ ಜನ ತಡವಾಗಿ ಬರ್ತಾರೆ, ಬರುವ ಹೊತ್ತಿಗೆ ಶೋ ತೆಗೆದಿರ್ತಾರೆ. ಆ ಬೇಜಾರು ಬೇರೆ.

ನಿಮ್ಮ ರೂಮಿಗೆ ನಾನು ಹೇಳುವ ಕ್ರಮ: ಮೊದಲು ‘ಆಕ್ಸಿಡೆಂಟ್’, ಅದರ ಮಾರನೇ ದಿನ ಇನ್ನೊಮ್ಮೆ ‘ಕವಲುದಾರಿ’. ಎರಡನೇ ಸಲ ನೋಡುವಾಗ ಶ್ಯಾಮ್ ಯಾರ ಹತ್ತಿರ ಏನು ಕೇಳ್ತಾನೆ, ಎಷ್ಟು ಸಲ ಇಲ್ಲ ಅನ್ನಿಸಿಕೊಳ್ತಾನೆ ಅನ್ನೋದನ್ನಷ್ಟೇ ಗಮನಿಸಿ. ವಾರ ಬಿಟ್ಟು ‘ಯು-ಟರ್ನ್’ ಹಾಕಿ, ಇಂಟರ್‌ವಲ್‌ನಲ್ಲಿ ನಿಲ್ಲಿಸಿ, ರಚನಾ ಆ ಮನೆಗೆ ಹೋಗಿದ್ದು ಸರಿಯಾ ಅಂತ ಕೇಳಿ. ಮುತ್ತಣ್ಣನ ಕಡೆಯವರೆಲ್ಲ ಆಗಲೂ ಒಂದೇ ಕಡೆ ಇರ್ತಾರಾ ಅನ್ನೋದು ನನಗೂ ಕುತೂಹಲ.