ಕಾಸರಗೋಡಿನಲ್ಲಿ ಒಳ್ಳೆಯ ಫಿಸಿಶಿಯನ್ ಎಲ್ಲಿ ಸಿಗುತ್ತಾರೆ?

ವರ್ಗಾವಣೆಯಾಗಿ ನಮ್ಮ ಕಾಸರಗೋಡಿಗೆ ಬಂದಿರುವ ನೀವು, ಜೊತೆಗಿರುವ ತಂದೆಯವರ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡಕ್ಕೆ ಇಲ್ಲಿ ಯಾರನ್ನು ಕಾಣಬೇಕು, ಅವರ ಅರ್ಹತೆಯನ್ನು ತಿಳಿಯುವುದು ಹೇಗೆ, ಇಲ್ಲಿನವರೆಲ್ಲ ಸಣ್ಣಪುಟ್ಟದಕ್ಕೂ ಮಂಗಳೂರಿಗೆ ಓಡುವುದೇಕೆ ಎಂದು ಕೇಳಿದ್ದೀರಿ. ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಅದು ತಿಳಿಯದೆ ಇಲ್ಲಿ ವೈದ್ಯರನ್ನು ಹುಡುಕುವ ಕ್ರಮ ಅರ್ಥವಾಗುವುದಿಲ್ಲ.

ರಾಜ್ಯಗಳ ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿದ 1956ರ ನವೆಂಬರ್ 1ರವರೆಗೆ ಈ ಸೀಮೆ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತು ಮತ್ತು ಮಂಗಳೂರೇ ನಮ್ಮ ಜಿಲ್ಲಾ ಕೇಂದ್ರವಾಗಿತ್ತು. ವೆನ್ಲಾಕ್ ಸರಕಾರಿ ಆಸ್ಪತ್ರೆ, 1880ರಲ್ಲಿ ಆರಂಭವಾದ ಫಾದರ್ ಮುಲ್ಲರ್, 1953ರಲ್ಲಿ ಸ್ಥಾಪನೆಯಾದ ಕಸ್ತೂರ್ಬಾ ಮೆಡಿಕಲ್ ಕಾಲೇಜು ಇವೆಲ್ಲ ರಾಜ್ಯ ವಿಂಗಡಣೆಗೆ ಮೊದಲೇ ನಮ್ಮವರ ಆಸ್ಪತ್ರೆಗಳಾಗಿದ್ದವು. ಗಡಿ ಬದಲಾದ ಮೇಲೆ ಕಚೇರಿಯ ಕಾಗದಗಳು ಕಣ್ಣೂರಿಗೂ ತಿರುವನಂತಪುರಕ್ಕೂ ಹೋಗತೊಡಗಿದವು, ಕಾಯಿಲೆಯವರು ಮಾತ್ರ ಮೊದಲಿನಂತೆ ಉತ್ತರಕ್ಕೇ ಹೋದರು. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ. ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ, ಅದರ ಕಟ್ಟಡ ಮೇಲೇಳಲು ಮತ್ತೆ ಬಹಳ ವರ್ಷಗಳು ಬೇಕಾದವು. ಹಾಗಾಗಿ ಮಂಗಳೂರಿಗೆ ಹೋಗುವುದು ನಮ್ಮಲ್ಲಿ ಕೇವಲ ಅಭ್ಯಾಸದ ಮಾತಲ್ಲ, ಹತ್ತಿರದಲ್ಲಿ ಬೇರೆ ದಾರಿ ಇರಲಿಲ್ಲ ಎಂಬುದೂ ನಿಜ.

ಆದರೆ 2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣದಿಂದ ಕರ್ನಾಟಕವು ತಲಪಾಡಿಯ ಗಡಿಯನ್ನು ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದಾಗ, ಡಯಾಲಿಸಿಸ್‌ಗೆ ಹೋಗುವವರೂ ಹೃದ್ರೋಗಿಗಳೂ ಈಚೆಯೇ ಉಳಿಯಬೇಕಾಯಿತು; ಸಕಾಲದಲ್ಲಿ ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರು. ಕೇರಳ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್‌ವರೆಗೆ ವಿಷಯ ಹೋಗಿ, ಏಪ್ರಿಲ್‌ನಲ್ಲಿ ರೋಗಿಗಳನ್ನು ಬಿಡುವುದಕ್ಕೆ ಒಂದು ವ್ಯವಸ್ಥೆಯಾಯಿತು. ಆ ದಿನಗಳನ್ನು ಕಂಡವನಾಗಿ ನಾನು ನಿಮಗೆ ಹೇಳುವುದು ಇಷ್ಟು: ತಿಂಗಳು ತಿಂಗಳು ನೋಡುವ ಫಿಸಿಶಿಯನ್ ಮನೆಗೆ ಹತ್ತಿರದಲ್ಲಿ, ಗಡಿಯ ಈಚೆಯೇ ಇರಲಿ, ಹೆಚ್ಚಿನ ತಪಾಸಣೆಗೆ ಬೇಕಾದಾಗ ಅವರೇ ಬರೆದುಕೊಡುವ ಚೀಟಿಯೊಂದಿಗೆ ಮಂಗಳೂರಿಗೆ ಹೋಗಿ. ಇಲ್ಲಿನ ಮತ್ತು ಅಲ್ಲಿನ ವೈದ್ಯರಿಬ್ಬರ ಅರ್ಹತೆಯನ್ನೂ ನೀವೇ ನೋಂದಣಿ ಪಟ್ಟಿಯಲ್ಲಿ ನೋಡಿಕೊಳ್ಳಿ. ಎರಡು ರಾಜ್ಯಗಳ ನಡುವೆ ಇರುವವರಿಗೆ ಬಾಯಿಮಾತಿನ ಶಿಫಾರಸು ಸಾಕಾಗುವುದಿಲ್ಲ.

ಈಗ ಅರ್ಹತೆಯ ವಿಷಯ. ನಿಮ್ಮ ತಂದೆಯವರಂತೆ ಎರಡು ಮೂರು ದೀರ್ಘಕಾಲದ ತೊಂದರೆಗಳು ಒಟ್ಟಿಗೆ ಇರುವವರಿಗೆ ಬೇಕಾದವರು ಜನರಲ್ ಮೆಡಿಸಿನ್‌ನಲ್ಲಿ ಎಂ.ಡಿ. ಅಥವಾ ಡಿ.ಎನ್.ಬಿ. ಮುಗಿಸಿದ ವೈದ್ಯರು, ಅಂದರೆ ಫಿಸಿಶಿಯನ್. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಎಂ.ಬಿ.ಬಿ.ಎಸ್. ಆದ ಮೇಲೆ ಮತ್ತೆ ಮೂರು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿದು ಪಡೆಯುವ ಪದವಿ ಅದು. ಎಂ.ಡಿ. ವಿಶ್ವವಿದ್ಯಾಲಯ ಕೊಡುವಂಥದ್ದು, ಡಿ.ಎನ್.ಬಿ. ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವಂಥದ್ದು. ಕಾಯಿಲೆಯವರ ಮಟ್ಟಿಗೆ ಎರಡನ್ನೂ ಸಮಾನವೆಂದೇ ತಿಳಿಯಬಹುದು. ಅದರ ಮೇಲೆ ಡಿ.ಎಂ. ಮಾಡಿದವರು ಹೃದಯ, ಮೂತ್ರಪಿಂಡ, ನರ ಎಂದು ಒಂದೊಂದು ಅಂಗದ ತಜ್ಞರು. ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ಇಟ್ಟುಕೊಂಡು, ಯಾವುದು ಯಾವುದಕ್ಕೆ ಅಡ್ಡ ಬರುತ್ತದೆ ಎಂದು ನೋಡುವವರು ಫಿಸಿಶಿಯನ್ ಆದ್ದರಿಂದ, ಮೊದಲ ದಿನವೇ ಹೃದಯ ತಜ್ಞರ ಬಾಗಿಲಿಗೆ ಹೋಗಿ ನಿಲ್ಲುವ ಅಗತ್ಯವಿಲ್ಲ.

ಬೋರ್ಡಿನಲ್ಲಿ ಕಾಣುವ ‘ಎಂ.ಡಿ.’ ಎಂಬ ಎರಡಕ್ಷರವನ್ನು ನೋಡಿ ಸಮಾಧಾನಪಟ್ಟುಕೊಳ್ಳಬೇಡಿ, ಯಾವ ವಿಷಯದಲ್ಲಿ ಎಂದು ಓದಿ. ಅರಿವಳಿಕೆ, ಮಕ್ಕಳ ಚಿಕಿತ್ಸೆ, ಚರ್ಮರೋಗ, ಔಷಧಶಾಸ್ತ್ರ ಎಲ್ಲದರಲ್ಲೂ ಎಂ.ಡಿ. ಇದೆ, ಆಯುರ್ವೇದದಲ್ಲಿ ಇದೆ, ಹೋಮಿಯೋಪತಿಯಲ್ಲೂ ಇದೆ. ಇನ್ನೊಂದು ಸಂಗತಿ ಇನ್ನೂ ಸೂಕ್ಷ್ಮವಾದದ್ದು. ರಷ್ಯಾ ಮೊದಲಾದ ದೇಶಗಳಲ್ಲಿ ವೈದ್ಯಕೀಯದ ಮೊದಲ ಪದವಿಗೇ ‘ಎಂ.ಡಿ.’ ಎಂಬ ಹೆಸರಿದೆ, ಕೆಲವೊಮ್ಮೆ ಪಕ್ಕದಲ್ಲಿ ‘ಫಿಸಿಶಿಯನ್’ ಎಂದೂ ಇರುತ್ತದೆ. ಅದು ನಮ್ಮ ಎಂ.ಬಿ.ಬಿ.ಎಸ್.ಗೆ ಸಮನಾದ ಪದವಿ. ಅಲ್ಲಿ ಓದಿ ಬಂದು, ಇಲ್ಲಿನ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನೋಂದಾಯಿಸಿಕೊಂಡವರು ಕಾನೂನುಬದ್ಧ ವೈದ್ಯರು, ಅವರಲ್ಲಿ ಬಹಳ ಶ್ರದ್ಧೆಯಿಂದ ಕೆಲಸ ಮಾಡುವವರೂ ಇದ್ದಾರೆ; ಆದರೆ ಆ ಪದವಿಯೊಂದರಿಂದಲೇ ಅವರು ಜನರಲ್ ಮೆಡಿಸಿನ್ ತಜ್ಞರಾಗುವುದಿಲ್ಲ. ಹಾಗೆಯೇ ಮಧುಮೇಹದ ಬಗ್ಗೆ ಕೆಲವು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಮಾಡಿ ಅದನ್ನು ಹೆಸರಿನ ಮುಂದೆ ಬರೆದುಕೊಳ್ಳುವುದುಂಟು. ಅಕ್ಷರಗಳು ಹೆಚ್ಚಾದಷ್ಟೂ ಯಾವುದು ಪದವಿ, ಯಾವುದು ಸದಸ್ಯತ್ವ, ಯಾವುದು ಅಲ್ಪಾವಧಿ ತರಬೇತಿ ಎಂದು ಬಿಡಿಸಿ ನೋಡಬೇಕಾಗುತ್ತದೆ.

ಇದನ್ನು ನೋಡುವ ದಾರಿ ನಿಮ್ಮ ಕೈಯಲ್ಲಿರುವ ಮದ್ದಿನ ಚೀಟಿಯಿಂದಲೇ ಆರಂಭವಾಗುತ್ತದೆ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳ ಪ್ರಕಾರ ಪ್ರತಿಯೊಬ್ಬ ವೈದ್ಯರೂ ತಮ್ಮ ನೋಂದಣಿ ಸಂಖ್ಯೆಯನ್ನು ಕ್ಲಿನಿಕ್ಕಿನಲ್ಲಿ ಕಾಣುವಂತೆ ಹಾಕಬೇಕು. ಚೀಟಿ, ಸರ್ಟಿಫಿಕೇಟ್ ಮತ್ತು ಹಣದ ರಶೀದಿಯ ಮೇಲೂ ಅದು ಇರಬೇಕು. ಆ ಸಂಖ್ಯೆಯ ಹಿಂದೆ ಯಾವ ಕೌನ್ಸಿಲ್, ಅಂದರೆ ವೈದ್ಯರನ್ನು ನೋಂದಾಯಿಸುವ ಯಾವ ರಾಜ್ಯದ ಮಂಡಳಿ, ಎಂಬುದು ನಮಗೆ ಮುಖ್ಯ. ಗಡಿಯ ಆಚೆಯವರದು ಸಾಮಾನ್ಯವಾಗಿ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನದು, ಈಚೆಯವರದು ತಿರುವಾಂಕೂರು-ಕೊಚ್ಚಿ ಹೆಸರಿನಲ್ಲಿದ್ದು ಈಗ ಕೇರಳ ರಾಜ್ಯದ ಹೆಸರಿಗೆ ಬಂದಿರುವ ಕೌನ್ಸಿಲ್‌ನದು. ಹೊಸಬರು ಇಲ್ಲಿ ಎಡವುವುದುಂಟು: ಮಂಗಳೂರಿನ ಚೀಟಿಯಲ್ಲಿ ‘ಕೆ.ಎಂ.ಸಿ. ನಂಬರ್’ ಎಂದಿದ್ದರೆ ಅದು ಕೌನ್ಸಿಲ್‌ನ ಸಂಖ್ಯೆ, ಆ ವೈದ್ಯರು ಕಸ್ತೂರ್ಬಾ ಕಾಲೇಜಿನಲ್ಲಿ ಓದಿದ್ದಾರೆ ಎಂಬುದಕ್ಕೆ ಸಾಕ್ಷಿಯಲ್ಲ.

ಸಂಖ್ಯೆ ಸಿಕ್ಕಿದ ಮೇಲೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿರುವ ಭಾರತೀಯ ವೈದ್ಯರ ನೋಂದಣಿ ಪಟ್ಟಿಯನ್ನು ತೆರೆಯಿರಿ. ಹಳೆಯ ಮೆಡಿಕಲ್ ಕೌನ್ಸಿಲ್ ಆಫ್ ಇಂಡಿಯಾದ ಜಾಗಕ್ಕೆ ಈ ಆಯೋಗ ಬಂದದ್ದು 2020ರ ಸೆಪ್ಟೆಂಬರ್‌ನಲ್ಲಿ. ಅಲ್ಲಿ ಹೆಸರಿನಿಂದಲೂ ಹುಡುಕಬಹುದು, ಆದರೆ ನೋಂದಣಿ ಸಂಖ್ಯೆ ಮತ್ತು ರಾಜ್ಯ ಕೌನ್ಸಿಲ್ ಎರಡನ್ನೂ ಕೊಟ್ಟು ಹುಡುಕುವುದೇ ಸರಿ. ಏಕೆಂದರೆ ಮಲಯಾಳಿ ವೈದ್ಯರ ಬೋರ್ಡಿನಲ್ಲಿ ಇನಿಶಿಯಲ್ ಹಿಂದೆ ಇದ್ದರೆ ಪಟ್ಟಿಯಲ್ಲಿ ಅದು ಬಿಡಿಸಿದ ಪೂರ್ಣ ಹೆಸರಾಗಿರಬಹುದು, ಮದುವೆಯ ನಂತರ ಹೆಸರು ಬದಲಿಸಿಕೊಂಡ ವೈದ್ಯೆಯರು ತವರಿನ ಹೆಸರಿನಲ್ಲೇ ದಾಖಲಾಗಿರಬಹುದು, ಒಂದೇ ಹೆಸರಿನ ಹಲವರು ಸಾಲಾಗಿ ಬರಬಹುದು. ದಾಖಲೆ ತೆರೆದುಕೊಂಡಾಗ ಎಂ.ಬಿ.ಬಿ.ಎಸ್. ಪಡೆದ ವಿಶ್ವವಿದ್ಯಾಲಯ ಮತ್ತು ವರ್ಷ ಕಾಣುತ್ತದೆ. ಅದರ ಕೆಳಗೆ ಹೆಚ್ಚುವರಿ ಅರ್ಹತೆಯ ಜಾಗದಲ್ಲಿ ಜನರಲ್ ಮೆಡಿಸಿನ್ ಎಂ.ಡಿ. ಇದೆಯೇ ಎಂದು ನೋಡಿ. ಬೋರ್ಡಿನಲ್ಲಿರುವುದಕ್ಕೂ ಅಲ್ಲಿರುವುದಕ್ಕೂ ಹೊಂದಿಕೆಯಾದರೆ ನಿಮ್ಮ ಸಂಶಯ ಬಹುಮಟ್ಟಿಗೆ ತೀರಿತು.

ಹೊಂದಿಕೆಯಾಗದಿದ್ದರೆ ಕೂಡಲೇ ನಕಲಿ ಎಂದು ತೀರ್ಮಾನಿಸುವುದು ಅನ್ಯಾಯ. ರಾಷ್ಟ್ರೀಯ ಪಟ್ಟಿಗೆ ರಾಜ್ಯಗಳ ಮಾಹಿತಿ ತಡವಾಗಿ ಸೇರುವುದುಂಟು, ಆದ್ದರಿಂದ ಸಂಬಂಧಪಟ್ಟ ರಾಜ್ಯ ಕೌನ್ಸಿಲ್‌ನಲ್ಲೂ ಹುಡುಕಿ, ಬೇಕಾದರೆ ಬರೆದು ಕೇಳಿ. ಕರ್ನಾಟಕದ ಕೌನ್ಸಿಲ್ ಐದು ವರ್ಷಕ್ಕೊಮ್ಮೆ ನವೀಕರಣವನ್ನೂ ಕೇಳುತ್ತದೆ. ನಮ್ಮಲ್ಲಿ ಮತ್ತೊಂದು ವಿಶೇಷವಿದೆ: ಮಂಗಳೂರಿನ ತಜ್ಞರು ವಾರದ ಒಂದೆರಡು ದಿನ ಉಪ್ಪಳ, ಕುಂಬಳೆ, ಕಾಸರಗೋಡಿನ ಖಾಸಗಿ ಆಸ್ಪತ್ರೆಗಳಿಗೆ ಬಂದು ಹೋಗುತ್ತಾರೆ. ಕೇರಳದಲ್ಲಿ ವೃತ್ತಿ ನಡೆಸುವವರು ಇಲ್ಲಿನ ಕೌನ್ಸಿಲ್‌ನಲ್ಲೂ ನೋಂದಾಯಿಸಿಕೊಳ್ಳಬೇಕೆಂಬುದು ಇಲ್ಲಿನ ನಿಯಮ. ಅಂಥವರ ಬಗ್ಗೆ ಆಸ್ಪತ್ರೆಯ ಕೌಂಟರಿನಲ್ಲಿ ಸೌಜನ್ಯದಿಂದ ಕೇಳಿ ತಿಳಿದುಕೊಳ್ಳಬಹುದು. ಕೇಳುವುದಕ್ಕೆ ಸಂಕೋಚ ಬೇಡ. ಯಾವ ನೋಂದಣಿಯೂ ಇಲ್ಲದೆ ಚಿಕಿತ್ಸೆ ಕೊಡುವವರಿಗೆ ಆಯೋಗದ ಕಾಯಿದೆಯ 34ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಇವೆ. ಒಂದು ಪದ್ಧತಿಯಲ್ಲಿ ಓದಿದವರು ಅರ್ಹತೆಯಿಲ್ಲದೆ ಇನ್ನೊಂದು ಪದ್ಧತಿಯ ಮದ್ದು ಕೊಡುವುದು ನಿರ್ಲಕ್ಷ್ಯವೇ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿ ಹೋಮಿಯೋಪತಿ ವೈದ್ಯರೊಬ್ಬರು ಅಲೋಪತಿ ಔಷಧಿ ಕೊಟ್ಟಿದ್ದರು.

ಸರಿ, ಹುಡುಕಲು ಎಲ್ಲಿಂದ ಆರಂಭಿಸಬೇಕು? ನಿಮ್ಮ ವಾಸಸ್ಥಳದ ಕುಟುಂಬ ಆರೋಗ್ಯ ಕೇಂದ್ರವನ್ನು ಕಡೆಗಣಿಸಬೇಡಿ. ಹಳೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು 2017ರಿಂದ ಆರ್ದ್ರಂ ಯೋಜನೆಯಲ್ಲಿ ಹೀಗೆ ಮೇಲ್ದರ್ಜೆಗೇರಿಸಿದ್ದಾರೆ; ಸಕ್ಕರೆ, ರಕ್ತದೊತ್ತಡದ ನಿಯಮಿತ ತಪಾಸಣೆ ಮತ್ತು ಮದ್ದು ಅಲ್ಲಿಯೇ ಸಿಗುತ್ತದೆ. ಫಿಸಿಶಿಯನ್ ಬೇಕೆಂದರೆ ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ ಇವೆ. ಕೇರಳದಲ್ಲಿ ಆರೋಗ್ಯ ಇಲಾಖೆಯ ವೈದ್ಯರಿಗೆ ಕರ್ತವ್ಯದ ಹೊತ್ತು ಮುಗಿದ ಮೇಲೆ ತಮ್ಮ ವಾಸದ ಮನೆಯಲ್ಲಿ ರೋಗಿಗಳನ್ನು ನೋಡಲು ಅನುಮತಿ ಇದೆ. ಸಂಜೆಯ ಹೊತ್ತು ಮನೆಯ ಸಿಟೌಟಿನಲ್ಲಿ ಟೋಕನ್ ಹಿಡಿದು ಸಾಲಾಗಿ ಕುಳಿತಿರುವ ಜನರನ್ನು ಕಂಡರೆ ಅಚ್ಚರಿಪಡಬೇಡಿ. ನಿಮ್ಮ ತಂದೆಯವರಿಗೆ ಕನ್ನಡ ಮಾತ್ರ ಬರುವುದಾದರೆ ಅಲ್ಲಿ ನೀವು ಅಥವಾ ಮಲಯಾಳ ಬಲ್ಲ ನೆರೆಯವರು ಜೊತೆಗೆ ಇರುವುದು ಲೇಸು. ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯದ ಕಡೆ ಕನ್ನಡವನ್ನೋ ತುಳುವನ್ನೋ ಆಡುವ ವೈದ್ಯರು ಸಿಗುತ್ತಾರೆ. ಎದೆ ಉರಿಯುತ್ತದೆಯೋ, ಹಿಂಡಿದಂತಾಗುತ್ತದೆಯೋ ಎಂಬ ವ್ಯತ್ಯಾಸವನ್ನು ಮುದುಕರು ತಮ್ಮ ಮಾತಿನಲ್ಲಿಯೇ ಹೇಳಲು ಸಾಧ್ಯವಾಗಬೇಕು ಎಂಬುದನ್ನು ನಾನು ಪದವಿಯಷ್ಟೇ ಮುಖ್ಯವೆಂದು ತಿಳಿಯುತ್ತೇನೆ.

ಮಂಗಳೂರಿಗೆ ಹೋಗಬೇಕಾದಾಗ, ನೇತ್ರಾವತಿ ಸೇತುವೆ ದಾಟುವ ಮೊದಲೇ ದೇರಳಕಟ್ಟೆಯಲ್ಲಿ ದೊಡ್ಡ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ ಎಂಬುದು ನೆನಪಿರಲಿ. ಇಂಥ ಆಸ್ಪತ್ರೆಗಳಲ್ಲಿ ಮೆಡಿಸಿನ್ ವಿಭಾಗವು ಯೂನಿಟ್‌ಗಳಾಗಿ ಹಂಚಿಕೊಂಡಿರುತ್ತದೆ, ಒಂದೊಂದು ಯೂನಿಟ್‌ಗೆ ವಾರದಲ್ಲಿ ಒ.ಪಿ.ಯ, ಅಂದರೆ ಹೊರರೋಗಿಗಳನ್ನು ನೋಡುವ, ದಿನಗಳು ಗೊತ್ತಾಗಿರುತ್ತವೆ. ಕಳೆದ ಸಲ ನೋಡಿದವರೇ ಮತ್ತೆ ನೋಡಬೇಕಾದರೆ ಯೂನಿಟ್ ಮತ್ತು ದಿನ ಎರಡನ್ನೂ ಬರೆದಿಟ್ಟುಕೊಳ್ಳಬೇಕು. ಮೊದಲು ವಿಚಾರಿಸುವವರು ಪಿ.ಜಿ. ಓದುತ್ತಿರುವ ಕಿರಿಯ ವೈದ್ಯರು. ಬೇಸರಿಸದೆ ಅವರಿಗೆ ಎಲ್ಲವನ್ನೂ ವಿವರವಾಗಿ ಹೇಳಿ, ಬಹಳ ಸಲ ಅತ್ಯಂತ ತಾಳ್ಮೆಯಿಂದ ಕೇಳುವವರು ಅವರೇ. ನಿಮ್ಮ ವಿಮೆ ಅಥವಾ ಸರಕಾರಿ ಆರೋಗ್ಯ ಕಾರ್ಡು ಗಡಿಯಾಚೆ ನಡೆಯುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ಫೋನಿನಲ್ಲಿ ವಿಚಾರಿಸಿ. ಎದೆನೋವು, ಒಂದು ಕಡೆಯ ಕೈಕಾಲು ಬಲ ಕಳೆದುಕೊಳ್ಳುವುದು, ಮಾತು ತೊದಲುವುದು ಇಂಥದ್ದಾದರೆ ಮಾತ್ರ ಪದವಿ, ಪಟ್ಟಿ ಎಂದು ಕೂರದೆ, ಮಂಗಳೂರೇ ಆಗಬೇಕೆಂದು ಹಟ ಹಿಡಿಯದೆ, ತುರ್ತು ಚಿಕಿತ್ಸಾ ವಿಭಾಗವಿರುವ ಅತ್ಯಂತ ಹತ್ತಿರದ ಆಸ್ಪತ್ರೆಗೆ ಹೋಗಿ.

ಎರಡು ರಾಜ್ಯದ ವೈದ್ಯರು ಒಬ್ಬರೇ ರೋಗಿಯನ್ನು ನೋಡುವಾಗ ಕಾಗದಪತ್ರಗಳೇ ಅವರ ನಡುವಿನ ಸಂಪರ್ಕ. ಮದ್ದಿನ ಹೆಸರನ್ನು ಬ್ರಾಂಡ್ ಅಲ್ಲದೆ ಮೂಲ ಔಷಧಿಯ ಹೆಸರಿನಲ್ಲಿ ಸ್ಪಷ್ಟವಾಗಿ ಬರೆಯಬೇಕೆಂಬ ನಿಯಮವಿದೆ, ಹಾಗೆ ಬರೆದುಕೊಡಿ ಎಂದು ಕೇಳಿ. ಇಲ್ಲವಾದರೆ ಅಲ್ಲಿನ ಬ್ರಾಂಡ್ ಇಲ್ಲಿ ಸಿಗದೆ, ಒಂದೇ ಮದ್ದನ್ನು ಎರಡು ಹೆಸರಿನಲ್ಲಿ ನುಂಗುವ ಅಪಾಯವಿದೆ. ಒಳರೋಗಿಯಾಗಿದ್ದರೆ ದಾಖಲೆಗಳ ಪ್ರತಿಯನ್ನು ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು 2002ರ ನಿಯಮಗಳಲ್ಲೇ ಇದೆ. ವೈದ್ಯರ ನಡವಳಿಕೆಯ ಬಗ್ಗೆ ದೂರು ಕೊಡಬೇಕಾಗಿ ಬಂದರೆ ಅದು ಅವರು ನೋಂದಾಯಿಸಿಕೊಂಡ ಕೌನ್ಸಿಲ್‌ಗೆ ಹೋಗಬೇಕು, ಅಂದರೆ ಮಂಗಳೂರಿನವರದ್ದಾದರೆ ಬೆಂಗಳೂರಿಗೆ, ಇಲ್ಲಿನವರದ್ದಾದರೆ ತಿರುವನಂತಪುರಕ್ಕೆ. ಆಸ್ಪತ್ರೆಯ ಮೇಲಿನ ದೂರಾದರೆ ಆಚೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ, ಈಚೆ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯಿದೆ ಅನ್ವಯವಾಗುತ್ತದೆ. ಎರಡರಲ್ಲೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಆಯಾ ಜಿಲ್ಲೆಯಲ್ಲೇ ಇರುವುದರಿಂದ ರಾಜಧಾನಿಯವರೆಗೆ ಹೋಗಬೇಕಾಗಿಲ್ಲ.