ನೀವು ಕೇಳಿದ್ದು: ತಿರುಗುವ ಜೈಲು ನಿಜವಾಗ್ಲೂ ಇತ್ತಾ?

ಪ್ರಶ್ನೆ: ಸಾರ್, ಮಗಳ ಮನೆಗೆ ಅಂತ ಅಮೆರಿಕದ ಇಂಡಿಯಾನಾಗೆ ಹೋಗಿದ್ದೆ. ಅಳಿಯಂದಿರು ಕ್ರಾಫರ್ಡ್ಸ್‌ವಿಲ್ ಅನ್ನೋ ಊರಿನ ಹಳೇ ಕೌಂಟಿ ಜೈಲು ತೋರಿಸಿದರು. ಹಿಡಿ ಹಿಡಿದು ತಿರುಗಿಸಿದರೆ ಕೋಣೆಗಳೆಲ್ಲ ಒಟ್ಟಿಗೆ ತಿರುಗುತ್ತವೆ! ಊರಿಗೆ ಬಂದು ಟೀ ಅಂಗಡಿಯಲ್ಲಿ ಹೇಳಿದರೆ ಸ್ನೇಹಿತರು ‘ರೈಲು ಬಿಡಬೇಡ’ ಅಂತಾರೆ. ಅಂಥದ್ದನ್ನು ಯಾಕೆ ಕಟ್ಟಿದರು, ಯಾಕೆ ಬಿಟ್ಟರು? ಈಗಿನವು ಹೇಗಿವೆ?
– ಚಿಂತಾಮಣಿಯ ಓದುಗರು

ಉತ್ತರ: ರೈಲಲ್ಲ ಸಾರ್, ನಿಜ. ಈ ಪುಟ ತೋರಿಸಿ, ಇವತ್ತಿನ ಟೀ ಅವರ ಲೆಕ್ಕದಲ್ಲಿ ಕುಡಿಯಿರಿ.

ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಅಲ್ಲಿನ ಜೈಲಿಗೆ ಸಾಮಾನ್ಯವಾಗಿ ಶೆರೀಫನೇ ಯಜಮಾನ, ಅವನು ಓಟಿನಲ್ಲಿ ಗೆದ್ದು ಬಂದವನು. ಕೇಸು ಮುಗಿಯದವರು, ಒಂದು ವರ್ಷದೊಳಗಿನ ಶಿಕ್ಷೆಯವರು ಇಲ್ಲಿರುತ್ತಾರೆ, ಜಾಸ್ತಿ ಶಿಕ್ಷೆಯಾದವರು ರಾಜ್ಯದ ದೊಡ್ಡ ಜೈಲಿಗೆ ಹೋಗುತ್ತಾರೆ. ಹಿಂದೆಲ್ಲ ಮುಂಭಾಗದಲ್ಲಿ ಶೆರೀಫನ ಸಂಸಾರ, ಹಿಂಭಾಗದಲ್ಲಿ ಜೈಲು. ಎಷ್ಟೋ ಕಡೆ ಕೈದಿಗಳಿಗೆ ಬೇಯಿಸಿ ಹಾಕುತ್ತಿದ್ದವಳು ಅವನ ಹೆಂಡತಿ. ನಮ್ಮನೇಲಿ ನಾಲ್ಕು ನೆಂಟರು ಬಂದರೇ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಜೋರಾಗುತ್ತೆ, ಅಲ್ವಾ!

ನೀವು ನೋಡಿದ್ದು 1882ರದ್ದು. ಹಿಂದಿನ ವರ್ಷವಷ್ಟೇ ವಿಲಿಯಂ ಬ್ರೌನ್, ಬೆಂಜಮಿನ್ ಹಾ ಅನ್ನೋ ಇಬ್ಬರು ಇದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದರು. ರಾಗಿ ಬೀಸೋ ಕಲ್ಲು ನೆನೆಸಿಕೊಳ್ಳಿ. ನಡುವೆ ಗೂಟ, ಅದರ ಸುತ್ತ ಮೇಲಿನ ಕಲ್ಲು ತಿರುಗುತ್ತೆ. ಆ ಕಲ್ಲಿನ ಜಾಗದಲ್ಲಿ ಕಬ್ಬಿಣದ ದೊಡ್ಡ ಪೀಪಾಯಿ, ಎರಡು ಅಂತಸ್ತು, ಒಂದೊಂದು ಅಂತಸ್ತಿನಲ್ಲಿ ಕಲ್ಲಂಗಡಿ ಹೋಳಿನ ಹಾಗೆ ಎಂಟೆಂಟು ಕೋಣೆ. ಸುತ್ತ ಅಲ್ಲಾಡದ ಸರಳುಗಳು, ಅದರಲ್ಲಿ ಅಂತಸ್ತಿಗೆ ಒಂದೇ ಬಾಗಿಲು. ಯಾರನ್ನು ಹೊರಗೆ ಬಿಡಬೇಕೋ ಅವನ ಕೋಣೆ ಬಾಗಿಲ ಎದುರು ಬರುವ ತನಕ ಕಾವಲಿನವನು ಹಿಡಿ ತಿರುಗಿಸುತ್ತಿದ್ದ. ಕೈದಿಗಳ ನಡುವೆ ಓಡಾಡುವ ಕೆಲಸವೇ ಇಲ್ಲ! ಪೇಟೆಂಟಿನಲ್ಲಿ ಬರೆದುಕೊಂಡಿದ್ದ ಉದ್ದೇಶವೂ ಇದೇ.

ಆದರೆ ಒಳಗಿದ್ದವನ ಪಾಡು? ನಿದ್ದೆಗಣ್ಣಲ್ಲಿ ಕೈಯೋ ಕಾಲೋ ಸರಳಿನಾಚೆ ಚಾಚಿರುವಾಗ ಅತ್ತ ಹಿಡಿ ತಿರುಗಿತು ಅಂದರೆ ಮುಗೀತು, ನಡುವೆ ಸಿಕ್ಕಿ ಜಜ್ಜಿಹೋಗುತ್ತಿತ್ತು. ಬೆಂಕಿ ಬಿದ್ದರೆ ಇನ್ನೂ ಕಷ್ಟ, ಒಂದೇ ಬಾಗಿಲಿನ ಎದುರು ಒಬ್ಬೊಬ್ಬರನ್ನೇ ತಿರುಗಿಸಿ ತಿರುಗಿಸಿ ಬಿಡಬೇಕು. 1930ರ ದಶಕದ ಕೊನೆಗೆ ಇದನ್ನು ತಿರುಗಿಸೋದು ನಿಲ್ಲಿಸಿದರು, ಆದರೂ ಜೈಲಾಗಿ 1973ರವರೆಗೆ ನಡೆಯಿತು. ಆಮೇಲೆ ಮ್ಯೂಸಿಯಂ. ಐಯೋವಾದ ಕೌನ್ಸಿಲ್ ಬ್ಲಫ್ಸ್‌ನಲ್ಲೂ 1885ರ ಮೂರಂತಸ್ತಿನದೊಂದಿದೆ, ಅಳಿಲಿನ ಪಂಜರ ಅಂತ ಅಡ್ಡಹೆಸರು, ಅದು ಮುಚ್ಚಿದ್ದು 1969ರಲ್ಲಿ.

ಈಗಿನ ಹೊಸ ಜೈಲುಗಳ ಲೆಕ್ಕ ಪೂರ್ತಿ ಉಲ್ಟಾ. ಕ್ಯಾಲಿಫೋರ್ನಿಯಾದ ಕಾಂಟ್ರಾ ಕೋಸ್ಟಾ ಕೌಂಟಿ 1981ರಲ್ಲಿ ಮಾರ್ಟಿನೆಜ್ ಊರಿನಲ್ಲಿ ಹೊಸ ಜೈಲು ತೆರೆಯಿತು. ನಡುವೆ ಹಜಾರ, ಸುತ್ತ ಕೋಣೆಗಳು, ಕಾವಲಿನವನು ಸರಳಿನಾಚೆ ಇರಲ್ಲ, ಅದೇ ಹಜಾರದಲ್ಲಿ ಕೈದಿಗಳ ಜೊತೆಗೇ ಇಡೀ ಪಾಳಿ ಕಳೆಯುತ್ತಾನೆ. ಮಾತಾಡಿಸುತ್ತಿದ್ದರೆ ಜಗಳ ಶುರುವಾಗೋ ಮುಂಚೆಯೇ ವಾಸನೆ ಬಡಿಯುತ್ತೆ ಅನ್ನೋ ಲೆಕ್ಕ. ನೂರು ವರ್ಷ ಹತ್ತಿರ ಹೋಗದೇ ಇರೋದು ಹೇಗೆ ಅಂತ ತಲೆ ಕೆಡಿಸಿಕೊಂಡು, ಕೊನೆಗೆ ಹತ್ತಿರ ಕೂರೋದೇ ಸರಿ ಅಂದರು. ಹಾಗಂತ ಎಲ್ಲಾ ಕೌಂಟಿಗಳೂ ಬದಲಾಗಿವೆ ಅಂದುಕೊಳ್ಳಬೇಡಿ.

ಪ್ರಶ್ನೆ: ನಮ್ಮ ಕಡೆ ಹಳೇ ಜೈಲಿನ ಒಳಗೆ ಸುಮ್ನೆ ಹೋಗಿ ನೋಡಿ ಬರೋಕಾಗುತ್ತಾ? ತಪ್ಪು ಮಾಡದೆ!
– ಗೌರಿಬಿದನೂರಿನ ಓದುಗರು

ಉತ್ತರ: ಆಗುತ್ತೆ. ಮೆಜೆಸ್ಟಿಕ್‌ನಲ್ಲಿ ಇಳಿದು ಫ್ರೀಡಂ ಪಾರ್ಕ್‌ಗೆ ಹೋಗಿ. ಅದು ಬೆಂಗಳೂರಿನ ಹಳೇ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇದ್ದದ್ದು ಇಲ್ಲೇ. ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಈ ಜಾಗ 2008ರಲ್ಲಿ ಪಾರ್ಕಾಯಿತು. ಕಾವಲು ಗೋಪುರ ಇನ್ನೂ ಇದೆ. ಪಾರ್ಕಿನ ಒಂದು ಕಡೆ ಧರಣಿಗೆ ಜಾಗ. ನಾನು ಹೋದ ದಿನ ಅಂಗನವಾಡಿಯವರು ಕೂತಿದ್ದರು, ನಮ್ಮ ಚಿಕ್ಕಬಳ್ಳಾಪುರದವರೂ ಇದ್ದರು, ಬುತ್ತಿ ಬಿಚ್ಚಿ ‘ಬನ್ನಿ ಅಣ್ಣ, ಊಟ ಮಾಡಿ’ ಅಂದರು. ಮುದ್ದೆ ಆರಿಹೋಗಿತ್ತು, ಹುಳಿ ಚೆನ್ನಾಗಿತ್ತು.